ಅಲ್ಲಾನ್‌ನ ಬೆಳಕಿನ ಮನೆ



ಜೋರ್ಡಾನ್ ಎಂದೊಡನೆ ನಮ್ಮ ಕಣ್ಮುಂದೆ ಬರುವುದು ಪೆಟ್ರಾದ ಬಂಡೆಗಳು ಮತ್ತು ಮೃತ ಸಮುದ್ರ. ಪ್ರವಾಸಿಗಳ ಬಸ್ಸುಗಳು ಓಡುವುದೂ ಅತ್ತ ಕಡೆಗೇ. ಇಂದು ಬೇರೊಂದು ದಾರಿಯಲ್ಲಿ ಹೋಗೋಣ, ಬನ್ನಿ.

ರಾಜಧಾನಿ ಅಮ್ಮಾನ್‌ನಿಂದ ವಾಯವ್ಯಕ್ಕೆ ಸುಮಾರು ಮೂವತ್ತು ಕಿಲೋಮೀಟರ್ ಸಾಗಿದರೆ ಸಲ್ತ್ ಎಂಬ ಹಳೆಯ ಊರು ಸಿಗುತ್ತದೆ. ಬೆಟ್ಟದ ಇಳಿಜಾರಿನಲ್ಲಿ ಒಂದರ ಮೇಲೊಂದು ಪೇರಿಸಿಟ್ಟಂತೆ ಹಳದಿ ಕಲ್ಲಿನ ಮನೆಗಳು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಾಬ್ಲುಸ್, ಸಿರಿಯಾ, ಲೆಬನಾನ್‌ಗಳ ವ್ಯಾಪಾರಿಗಳು ಇಲ್ಲಿಗೆ ಬಂದು ನೆಲೆಸಿದರು. ಮುಸ್ಲಿಮರಿಗೊಂದು ಕೇರಿ, ಕ್ರೈಸ್ತರಿಗೊಂದು ಕೇರಿ ಎಂಬ ವಿಂಗಡಣೆ ಇಲ್ಲಿರಲಿಲ್ಲ. ಬಂದವರನ್ನು ಕೂರಿಸಿ ಸತ್ಕರಿಸಲು ಮದಾಫ ಎಂಬ ಅತಿಥಿ ಶಾಲೆಗಳಿದ್ದವು. 2021ರಲ್ಲಿ ಯುನೆಸ್ಕೊ ಈ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಸಹಿಷ್ಣುತೆ ಮತ್ತು ಆತಿಥ್ಯದ ತಾಣವೆಂದೇ ಅದನ್ನು ಹೆಸರಿಸಿತು.

ಈ ಊರಿನ ಆಸುಪಾಸಿನಲ್ಲೇ ಅಲ್ಲಾನ್ ಇದೆ. ಅಲ್ಲಿ ಒಂದು ದೊಡ್ಡ ಕಟ್ಟಡ. ಹೊರಗಿನಿಂದ ನೋಡಿದರೆ ಯಾವುದೋ ಕಾರ್ಖಾನೆಯೆಂದು ನೀವು ಮುಂದೆ ಹೋಗಿಬಿಡಬಹುದು. ಅದರ ಹೆಸರು ಸೆಸಮಿ. ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿದಾಗ ಹುಟ್ಟಿದ ಪದವಿದು. ಆದರೆ ಆಲಿಬಾಬಾನ ಕಥೆಯಲ್ಲಿ ಗುಹೆಯ ಬಾಗಿಲು ತೆರೆಸುವ ಸಿಮ್‌ಸಿಮ್ ಎಂಬ ಪದವೂ ಇದೇ ಅಲ್ಲವೇ? ಹೆಸರಿಟ್ಟವರಿಗೆ ಮಕ್ಕಳ ಕಥೆಯೂ ಗೊತ್ತಿದ್ದಿರಬೇಕು.

ಒಳಗೆ 133 ಮೀಟರ್ ಸುತ್ತಳತೆಯ ಒಂದು ಬಳೆಯಿದೆ. ಅದರಲ್ಲಿ ಇಲೆಕ್ಟ್ರಾನ್‌ಗಳು ಹೆಚ್ಚು ಕಡಿಮೆ ಬೆಳಕಿನ ವೇಗದಲ್ಲಿ ಸುತ್ತುತ್ತವೆ. ಅಯಸ್ಕಾಂತಗಳು ಅವುಗಳ ದಾರಿಯನ್ನು ಬಾಗಿಸಿದಾಗ ಪ್ರಖರವಾದ ಬೆಳಕು ಹೊಮ್ಮುತ್ತದೆ. ನಮ್ಮ ಕಣ್ಣಿಗೆ ಕಾಣದ ಎಕ್ಸ್‌ರೇ, ಇನ್‌ಫ್ರಾರೆಡ್ ಕಿರಣಗಳೂ ಅದರಲ್ಲಿರುತ್ತವೆ. ಅವುಗಳ ನೆರವಿನಿಂದ ಕಲುಷಿತ ಮಣ್ಣನ್ನೂ ಔಷಧವನ್ನೂ ಸಾವಿರಾರು ವರ್ಷ ಹಳೆಯ ಮೂಳೆಯನ್ನೂ ಅಣುವಿನ ಮಟ್ಟದಲ್ಲಿ ಪರೀಕ್ಷಿಸಬಹುದು. ಬರ್ಲಿನ್‌ನಲ್ಲಿ ಕೆಲಸ ಮುಗಿಸಿದ್ದ ಹಳೆಯ ಯಂತ್ರವೊಂದನ್ನು ಜರ್ಮನಿ ದಾನವಾಗಿ ಕೊಟ್ಟಿತು, ಜೋರ್ಡಾನ್ ಜಾಗ ಕೊಟ್ಟಿತು. 2003ರಲ್ಲಿ ಅಡಿಗಲ್ಲು ಬಿತ್ತು. 2013ರ ಡಿಸೆಂಬರ್‌ನಲ್ಲಿ ಸುರಿದ ಹಿಮದ ಭಾರಕ್ಕೆ ಛಾವಣಿಯೇ ಕುಸಿಯಿತು. ಅಂತೂ 2017ರ ಮೇ 16ರಂದು ದೊರೆ ಅಬ್ದುಲ್ಲಾ ಅದನ್ನು ಉದ್ಘಾಟಿಸಿದರು.

ಗಲ್ಫ್‌ನಲ್ಲಿ ದುಡಿಯುವವರ ಮನೆಯವರಿಗೆ ಹತ್ತು ದೇಶದವರು ಒಂದೇ ಕಡೆ ಕೆಲಸ ಮಾಡುವುದು ಹೊಸ ಸಂಗತಿಯಲ್ಲ. ಆದರೆ ಇಲ್ಲಿನ ಸದಸ್ಯರ ಪಟ್ಟಿಯನ್ನೊಮ್ಮೆ ಓದಿ. ಉದ್ಘಾಟನೆಯ ಹೊತ್ತಿಗೆ ಇದ್ದವರು ಜೋರ್ಡಾನ್, ಈಜಿಪ್ಟ್, ಫೆಲೆಸ್ತೀನ್, ಇಸ್ರೇಲ್, ಇರಾನ್, ಪಾಕಿಸ್ತಾನ, ತುರ್ಕಿ, ಸೈಪ್ರಸ್. ಇರಾನ್ ಮತ್ತು ಪಾಕಿಸ್ತಾನಗಳು ಇಸ್ರೇಲನ್ನು ಮಾನ್ಯ ಮಾಡಿಲ್ಲ. ತುರ್ಕಿಯು ಸೈಪ್ರಸ್ಸನ್ನು ಮಾನ್ಯ ಮಾಡಿಲ್ಲ. ಹಾಗಿದ್ದೂ ಎಲ್ಲರ ಪ್ರತಿನಿಧಿಗಳೂ ಒಂದೇ ಆಡಳಿತ ಮಂಡಳಿಯಲ್ಲಿ ಕೂರುತ್ತಾರೆ. ವಿಶ್ವಸಂಸ್ಥೆಯಲ್ಲಿ ಇನ್ನೂ ವೀಕ್ಷಕ ಸ್ಥಾನದಲ್ಲೇ ಇರುವ ಫೆಲೆಸ್ತೀನ್‌ಗೆ ಇಲ್ಲಿ ಪೂರ್ಣ ಸದಸ್ಯತ್ವವಿದೆ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಇದೇ. ವಿವಿಧ ದೇಶಗಳ ಧ್ವಜ ಕಟ್ಟಿ, ತಿಂಡಿ ಹಂಚಿ ವೈವಿಧ್ಯವನ್ನು ಆಚರಿಸುವುದು ಸುಲಭ. ಸರಿಸಮಾನವಾದ ಕುರ್ಚಿ ಕೊಡುವುದು ಅಷ್ಟು ಸುಲಭವಲ್ಲ.

ಈ ಕುರ್ಚಿಗಳಿಗೆ ತೆತ್ತ ಬೆಲೆಯೂ ಸಣ್ಣದಲ್ಲ. ಸೆಸಮಿಯೊಂದಿಗೆ ಸಂಬಂಧವಿದ್ದ ಇರಾನಿನ ಇಬ್ಬರು ವಿಜ್ಞಾನಿಗಳು, ಮಸೂದ್ ಅಲಿಮುಹಮ್ಮದಿ ಮತ್ತು ಮಜೀದ್ ಶಹ್ರಿಯಾರಿ, 2010ರಲ್ಲಿ ತೆಹರಾನ್‌ನಲ್ಲಿ ಬಾಂಬ್ ದಾಳಿಗೆ ಬಲಿಯಾದರು. ಇರಾನ್ ಇಸ್ರೇಲಿನತ್ತ ಬೆರಳು ತೋರಿಸಿತು. ಆದರೂ ಸೆಸಮಿಯನ್ನು ಬಿಟ್ಟು ಹೋಗಲಿಲ್ಲ. ಮುಂದೆ ದಿಗ್ಬಂಧನದಿಂದಾಗಿ ತನ್ನ ಪಾಲಿನ ಹಣವನ್ನು ಬ್ಯಾಂಕಿನ ಮೂಲಕ ಕಳುಹಿಸುವುದೇ ಅದಕ್ಕೆ ಕಷ್ಟವಾಯಿತು.

ಇಲ್ಲಿನ ಯಂತ್ರವನ್ನು ಬಳಸಬೇಕಾದರೆ ಸಂಶೋಧಕರು ಅರ್ಜಿ ಹಾಕಬೇಕು. ಸಂಶೋಧನೆಯ ಗುಣ ನೋಡಿ ಸಮಯ ಹಂಚುತ್ತಾರೆ. 2018ರಲ್ಲಿ ಮೊದಲ ಸಂಶೋಧಕರು ಬಂದರು. ಇನ್‌ಫ್ರಾರೆಡ್ ವಿಭಾಗವನ್ನು ಕಟ್ಟಿ ನಿಲ್ಲಿಸಿದವರು ಈಜಿಪ್ಟಿನ ಭೌತವಿಜ್ಞಾನಿ ಜಿಹಾನ್ ಕಾಮಿಲ್. ಆರಂಭದ ದಿನಗಳಲ್ಲಿ ಅಲ್ಲಿನ ವಿಜ್ಞಾನಿಗಳಲ್ಲಿ ಅವರೊಬ್ಬರೇ ಮಹಿಳೆ. ವಿಜ್ಞಾನ ಓದುತ್ತಿರುವ ಹೆಣ್ಣು ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಈ ಹೆಸರನ್ನು ಅವರಿಗೆ ಹೇಳಿ.

ವಿದ್ಯುತ್ ದುಬಾರಿಯಾದ ಈ ದೇಶದಲ್ಲಿ ಯಂತ್ರ ಓಡಿಸುವುದೇ ಚಿಂತೆಯಾಗಿತ್ತು. 2019ರಲ್ಲಿ ಸ್ವಂತ ಸೌರ ವಿದ್ಯುತ್ ಸ್ಥಾವರ ಬಂತು. ಅದೇ ವರ್ಷ ಇಟಲಿಯ ನೆರವಿನಿಂದ ಅತಿಥಿಗೃಹವೂ ಎದ್ದಿತು. ಸಲ್ತ್‌ನ ಮದಾಫ ನೆನಪಿದೆಯಲ್ಲ? ದೂರದಿಂದ ಬಂದವರು ಈಗ ಒಂದೇ ಸೂರಿನಡಿ ಮಲಗೆದ್ದು ಪ್ರಯೋಗಕ್ಕೆ ಹೋಗಬಹುದು.

ಇಷ್ಟಾದ ಮಾತ್ರಕ್ಕೆ ಎಲ್ಲವೂ ಸರಿಯಾಯಿತೆಂದು ನಾನು ಹೇಳಲಾರೆ. 2023ರ ಅಕ್ಟೋಬರ್ ನಂತರ ಗಾಝಾದಲ್ಲಿ ವಿಶ್ವವಿದ್ಯಾಲಯಗಳೇ ನೆಲಸಮವಾದವು. ಅಲ್ಲಿನ ವಿದ್ಯಾರ್ಥಿ ಯಾವ ಪ್ರಯೋಗಾಲಯಕ್ಕೆಂದು ಅರ್ಜಿ ಹಾಕಬೇಕು?

ಸಂಜೆ ಸಲ್ತ್‌ನ ಬೆಟ್ಟದಂಚಿಗೆ ಬನ್ನಿ. ಕೆಳಗೆ ಜೋರ್ಡಾನ್ ನದಿಯ ಕಣಿವೆ, ಆಚೆಗೆ ಫೆಲೆಸ್ತೀನಿನ ಬೆಟ್ಟಗಳು. ನೋಡಲು ಎಷ್ಟು ಹತ್ತಿರ! ಆದರೆ ಪಶ್ಚಿಮ ದಂಡೆಯ ಸಂಶೋಧಕಿಯೊಬ್ಬಳು ಅಲ್ಲಾನ್‌ಗೆ ಬರಬೇಕಾದರೆ ತಪಾಸಣಾ ಠಾಣೆಗಳನ್ನು ದಾಟಿ ಅಲೆನ್ಬಿ ಸೇತುವೆಗೆ ಬರಬೇಕು. ಅದರ ಆಚೆ ಬದಿ ಇಸ್ರೇಲಿನ ಹಿಡಿತದಲ್ಲಿದೆ. ಸೇತುವೆ ಮುಚ್ಚಿದ ದಿನ, ಅರ್ಜಿ ಒಪ್ಪಿಗೆಯಾಗಿದ್ದರೂ ಆಕೆ ಆಚೆಯೇ ಉಳಿಯಬೇಕಾಗುತ್ತದೆ.