ಕೊರಿಯಾದ ಚಳಿಗೆ ಯಾವ ತಿಂಗಳು?

ಕೊರಿಯಾಕ್ಕೆ ಹೋಗಿಬರಲು ನಾವು ನಾಲ್ವರು ಗೆಳೆಯರು ಎರಡು ವರ್ಷದಿಂದ ಚೀಟಿ ಕಟ್ಟುತ್ತಿದ್ದೇವೆ. ದುಡ್ಡು ಒಂದೇ ಪ್ರವಾಸಕ್ಕೆ ಸಾಕು. ಚಳಿಗಾಲದಲ್ಲಿ ಯಾವಾಗ ಹೋಗುವುದು ಎಂಬುದೇ ಈಗ ಜಗಳ.

ನವೆಂಬರ್ ಕೊನೆಗಾದರೆ ಕಿಮ್ಜಾಂಗ್. ಮನೆಮಂದಿ, ನೆರೆಯವರು ಸೇರಿ ಚಳಿಗಾಲಕ್ಕೆಲ್ಲ ಆಗುವಷ್ಟು ಕಿಮ್ಚಿ ಹಾಕಿ ಹಂಚಿಕೊಳ್ಳುತ್ತಾರೆ. 2013ರಲ್ಲಿ ಇದು ಯುನೆಸ್ಕೊ ಪಟ್ಟಿ ಸೇರಿತು. ಡಿಸೆಂಬರ್ 22ರ ಹೊತ್ತಿಗೆ ದೋಂಗ್ಜಿ. ವರ್ಷದ ಅತಿ ಉದ್ದದ ಆ ರಾತ್ರಿಯ ದಿನ ಕೆಂಪು ಕಾಳಿನ ಗಂಜಿ ಕುಡಿದರೆ ಕೆಟ್ಟದ್ದು ಹತ್ತಿರ ಬಾರದೆಂಬ ನಂಬಿಕೆ.

ಚಾಂದ್ರಮಾನ ಹೊಸವರ್ಷ ಸೊಲ್ಲಾಲ್ ದೊಡ್ಡ ಹಬ್ಬ, ನಿಜ. ಆದರೆ ಅದು ಮನೆಯೊಳಗಿನ ಹಬ್ಬ. ಎಲ್ಲರೂ ಊರಿಗೆ ಹೊರಡುತ್ತಾರೆ, ರೈಲು ಟಿಕೆಟ್ ಸಿಗುವುದಿಲ್ಲ, ಎಷ್ಟೋ ಅಂಗಡಿಗಳಿಗೆ ಬೀಗ. ಪರಸ್ಥಳದವರು ಬೀದಿಯಲ್ಲಿ ನಿಲ್ಲಬೇಕಾದೀತು.

ಕೊನೆಗೆ ನಾವು ಒಪ್ಪಿದ್ದು ಜನವರಿಯ ಹ್ವಾಚೊನ್‌ಗೆ. ಗಡಿಯ ಹತ್ತಿರದ ಈ ಗುಡ್ಡಗಾಡಿನಲ್ಲಿ ಹೊಳೆ ಹೆಪ್ಪುಗಟ್ಟುತ್ತದೆ. ಮಂಜುಗಡ್ಡೆಗೆ ತೂತು ಕೊರೆದು ಗಾಳ ಬಿಟ್ಟು ಟ್ರೌಟ್ ಮೀನು ಹಿಡಿಯುವ ಜಾತ್ರೆ 2003ರಿಂದ ನಡೆದಿದೆ. ಒಳ್ಳೆಯ ವರ್ಷ ಹತ್ತು ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ. ಆದರೆ 2020ರಲ್ಲಿ ಚಳಿ ಸಾಲದೆ, ಮಳೆಯೂ ಸುರಿದು ಜಾತ್ರೆ ತಡವಾಯಿತು. ಮಳೆ ನಂಬಿ ಬಿತ್ತುವ ನಮಗೆ ಆ ಸಂಕಟ ಹೊಸದಲ್ಲ.

ಕಿಮ್ಚಿ ವರ್ಷವಿಡೀ ಸಿಗುತ್ತದೆ. ಹೆಪ್ಪುಗಟ್ಟಿದ ಹೊಳೆ ಇನ್ನೆಷ್ಟು ವರ್ಷವೋ. ಅದಕ್ಕೇ ಮೊದಲು ಹೊಳೆ.