ಒಂಟಿ ಮೀನು

ಕಳೆದ ಬೇಸಗೆಯ ರಜೆಯಲ್ಲಿ ನನ್ನ ಮೊಮ್ಮಗನು ಹಾಸನದಿಂದ ಗಾಜಿನ ತೊಟ್ಟಿಯೊಂದನ್ನೂ ಅದರೊಳಗೆ ಒಂದೇ ಒಂದು ಮೀನನ್ನೂ ತಂದು ಶೆಟ್ಟಿಹಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿರಿಸಿದನು. ಮೂತಿಯಿಂದ ಮೈಯ ನಡುವಿನವರೆಗೆ ಕೆಂಪು ಗೆರೆ; ಅದರ ಕೆಳಗೆ ಉದ್ದಕ್ಕೂ ಕಪ್ಪು ಪಟ್ಟಿ. ವ್ಯಾಪಾರಿಗಳು ಇದನ್ನು ‘ಮಿಸ್ ಕೇರಳ’ ಎನ್ನುವರು. ಫ್ರಾನ್ಸಿಸ್ ಡೇ ಎಂಬ ವಿದ್ವಾಂಸನು ೧೮೬೫ರಲ್ಲಿ ಇದನ್ನು ಮೊದಲು ವರ್ಣಿಸಿದನು. ಇದು ದೂರದೇಶದ್ದಲ್ಲ, ನಮ್ಮ ಸಹ್ಯಾದ್ರಿಯಿಂದ ಪಡುವಣಕ್ಕೆ ಹರಿಯುವ ಹೊಳೆಗಳದು. ಕೊಡಗಿನಲ್ಲಿ ಹುಟ್ಟಿ ಕಾಸರಗೋಡಿನ ಬಳಿ ಕಡಲನ್ನು ಸೇರುವ ಚಂದ್ರಗಿರಿಯಲ್ಲಿಯೂ ಇರುವುದು.

ನೀರು ಶುದ್ಧವಾಗಿದ್ದಿತು, ಆಹಾರಕ್ಕೆ ಕೊರತೆಯಿರಲಿಲ್ಲ. ಆದರೂ ಮೀನು ಕಲ್ಲಿನ ಮರೆಯನ್ನು ಬಿಟ್ಟು ಬಾರದು. ನಾವು ಹತ್ತಿರ ಸುಳಿದರೆ ಬೆದರಿ ಗಾಜಿಗೆ ಬಡಿದುಕೊಳ್ಳುವುದು. ಕೆಂಪು ಗೆರೆ ದಿನೇ ದಿನೇ ಮಾಸುತ್ತ ಬಂದಿತು.

“ತಾತ, ಇದಕ್ಕೆ ಜ್ವರವೇ?” ಎಂದನು ಹುಡುಗ.

“ಹೊಸ ಜಾಗವಲ್ಲವೇ, ಮಗು? ಹೊಂದಿಕೊಳ್ಳುವುದು” ಎಂದೆನು.

ಮಾತು ಹೊರಟೊಡನೆ ನಾನೇ ಬೆಚ್ಚಿದೆನು. ಅದೇ ಮಾತನ್ನು ಒಂದು ಕಾಲದಲ್ಲಿ ನನ್ನ ತಾಯಿಗೂ ಹೇಳಿದ್ದೆನು. ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು ೧೯೭೯ರಲ್ಲಿ ಮುಗಿಯಿತು. ಹಿನ್ನೀರಿನಲ್ಲಿ ಹೊಲಮನೆಗಳು ಮುಳುಗಿ, ನೆರೆಹೊರೆಯವರು ದಿಕ್ಕಿಗೊಬ್ಬರಾಗಿ ಹೋದರು. ನಮಗೆ ಹೊಸ ಮನೆಯೂ ಹೊತ್ತಿಗೆ ಅನ್ನವೂ ಇದ್ದುವು. ಆದರೂ ತಾಯಿಯವರು ಜಗಲಿಗೆ ಬಾರದೆ ಒಳಕೋಣೆಯಲ್ಲಿಯೇ ಕುಳಿತಿರುವರು. ಊಟ ಅರ್ಧಕ್ಕೆ ನಿಲ್ಲುವುದು. ಪಾಠಶಾಲೆಯಲ್ಲಿ ಕಲಿತ ವೈರಾಗ್ಯದ ಶ್ಲೋಕಗಳನ್ನು ನಾನು ಅವರಿಗೆ ಹೇಳಿದೆನೇ ಹೊರತು, ಹಳೆಯ ನೆರೆಯವರೊಬ್ಬರನ್ನಾದರೂ ಹುಡುಕಿ ಕರೆತರಲಿಲ್ಲ.

ಮರುದಿನವೇ ಮೀನುಸಾಕಣೆಯನ್ನು ಬಲ್ಲವರೊಬ್ಬರನ್ನು ವಿಚಾರಿಸಿದೆನು. ಇಂತಹ ಮೀನುಗಳಿಗೆ ಹಿಂಡೇ ಕಾವಲು. ಕಣ್ಣಿನಿಂದಲೂ, ನೀರಿನ ಅಲುಗಾಟವನ್ನರಿಯುವ ಪಕ್ಕೆಯ ಇಂದ್ರಿಯರೇಖೆಯಿಂದಲೂ ಒಂದನ್ನೊಂದು ಅರಿತು ಚಲಿಸುವುವು. ಹಲವು ಕಣ್ಣುಗಳು ಶತ್ರುವನ್ನು ನೋಡುತ್ತಿರುವುದರಿಂದ ಪ್ರತಿಯೊಂದೂ ನಿಶ್ಚಿಂತೆಯಿಂದ ಮೇಯಬಲ್ಲುದು. ಒಂಟಿಯಾದುದು ಸದಾ ಎಚ್ಚತ್ತಿರಬೇಕು. ಆ ಭಯ ಬಹುಕಾಲ ನಿಂತರೆ ಕಾರ್ಟಿಸಾಲ್ ಎಂಬ ರಸವು ರಕ್ತದಲ್ಲಿ ಹೆಚ್ಚಿ, ರೋಗವನ್ನು ತಡೆಯುವ ಶಕ್ತಿ ಕುಂದುವುದು. ಆದುದರಿಂದ ಆರಕ್ಕೆ ಕಡಮೆಯಿಲ್ಲದೆ ಸಾಕಬೇಕು. ಆರು ಅಂಗುಲದವರೆಗೆ ಬೆಳೆಯುವ ಈ ಜಾತಿಗೆ ತೊಟ್ಟಿಯೂ ನೀಳವಾಗಿರಬೇಕು. ಹೊಳೆಯಿಂದ ಹಿಡಿದು ಮಾರಿ ಮಾರಿ ಇದರ ಸಂತತಿಗೆ ಅಪಾಯ ಒದಗಿರುವುದರಿಂದ, ಸಾಕಿ ಮರಿಮಾಡಿಸಿದವನ್ನೇ ಕೊಳ್ಳಬೇಕು.

ದೊಡ್ಡದು ಚಿಕ್ಕದನ್ನು ನುಂಗುವ ಮತ್ಸ್ಯನ್ಯಾಯವನ್ನು ಎಷ್ಟೋ ವರ್ಷ ಬೋಧಿಸಿದೆನು. ರಾಮನಾಥಪುರದಲ್ಲಿ ಕಾವೇರಿಯ ಸೋಪಾನದ ಮೇಲೆ ನಿಂತು ಮೀನಿನ ಹಿಂಡುಗಳಿಗೆ ಪುರಿಯನ್ನೂ ಎರಚಿದೆನು. ಅವು ಜೊತೆಗೂಡಿರುವುದೇಕೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ನೀಳವಾದ ತೊಟ್ಟಿಯನ್ನೂ ಇನ್ನಾರು ಮೀನುಗಳನ್ನೂ ತಂದೆವು. ಮೊದಲೆರಡು ದಿನ ಹಳೆಯದು ಮರೆಯಿಂದಲೇ ನೋಡಿತು. ಮೂರನೆಯ ದಿನ ಹಿಂಡಿನ ಹಿಂದೆ ಹೊರಟಿತು. ರಜೆ ಮುಗಿಯುವುದರೊಳಗೆ ಏಳರಲ್ಲಿ ಅದಾವುದೆಂದು ನಮಗೆ ಗುರುತು ಸಿಕ್ಕದಾಯಿತು. ಹುಡುಗನು ಹಿಗ್ಗಿದನು. ನಾನು ಜಗಲಿಗೆ ಬಂದು ಒಬ್ಬನೇ ಕುಳಿತೆನು.

ಅನ್ನಾಶ್ರಯಗಳನ್ನು ಕೊಟ್ಟೊಡನೆ ರಕ್ಷಣೆ ಮುಗಿಯಿತೆಂದು ಬಗೆದವನು ನಾನು. ವಾಚಕರ ಮನೆಯಲ್ಲಿ ಹಿರಿಯರಿದ್ದರೆ, ಅವರೊಡನೆ ಕುಳಿತು ಮಾತನಾಡಲು ಅವರ ವಾರಿಗೆಯವರೊಬ್ಬರು ಬಂದುಹೋಗುತ್ತಿರುವರೇ ಎಂದು ಇಂದೇ ವಿಚಾರಿಸಬೇಕೆಂದು ನನ್ನ ಪ್ರಾರ್ಥನೆ.