ಬಚ್ಚಲ ನೀರಿನ ಬಸಳೆ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಕೇಳದವರಿಲ್ಲ. ಅದು ನಮ್ಮನ್ನೇ ಕುರಿತದ್ದೆಂದು ನಾವು ಅರಿತದ್ದು ಮಾತ್ರ ತೀರ ತಡವಾಗಿ, ಅದೂ ಹಿತ್ತಲನ್ನು ಕೆಡಿಸಿಕೊಂಡ ಬಳಿಕ.

ಹಿರಿಯೂರಿನ ಬೇಸಿಗೆಯನ್ನು ಕಂಡವರಿಗೆ ಅದರ ವರ್ಣನೆ ಬೇಕಾಗಿಲ್ಲ. ಶಿವರಾತ್ರಿ ಕಳೆದರೆ ಸಾಕು, ಮುಂಜಾನೆ 9ಕ್ಕೇ ಅಂಗಳದ ಕಲ್ಲು ಕಾಯತೊಡಗುತ್ತದೆ. ವರ್ಷದಲ್ಲಿ 600 ಮಿಲಿಮೀಟರ್ ಮಳೆ ಬಿದ್ದರೆ ಅದೇ ಪುಣ್ಯ. ಇಂತಹ ನೆಲದಲ್ಲಿಯೂ ನಮ್ಮ ತಾಯಿಯವರ ಹಿತ್ತಲು ಬರಿದಾದುದನ್ನು ನಾವು ಕಂಡಿರಲಿಲ್ಲ. ಬೇಲಿಗೆ ಹೀರೆ, ಮೂಲೆಗೆ ನುಗ್ಗೆ, ನಡುವೆ ಗೋರಿಕಾಯಿ, ಹರಿವೆ, ಬೆಂಡೆ; ಬಚ್ಚಲ ಗೋಡೆಯ ಮಗ್ಗುಲಲ್ಲಿ ಒಂದು ಬಸಳೆಯ ಬಳ್ಳಿ. ಉಡುಪಿಯ ಕಡೆಯಿಂದ ಬಂದ ನೆಂಟರೊಬ್ಬರು ತಂದುಕೊಟ್ಟ ಗೇಣುದ್ದದ ಕಡ್ಡಿಯಿಂದ ಬೆಳೆದ ಬಳ್ಳಿ ಅದು. ಕರಾವಳಿಯ ಸೆಕೆಯಲ್ಲಿ, ತೇವದಲ್ಲಿ ಬೆಳೆಯುವ ಬಸಳೆ ನಮ್ಮ ಒಣ ಬಿಸಿಲಿನಲ್ಲಿ ಬಾಳೀತೆ ಎಂದು ನಾವು ಶಂಕಿಸಿದ್ದೆವು. ತಾಯಿಯವರು ಮರುಮಾತಾಡದೆ, ಮಧ್ಯಾಹ್ನದ ನೆರಳೂ ಬಚ್ಚಲ ನೀರೂ ಸಿಗುವ ಜಾಗವನ್ನು ನೋಡಿ ಅದನ್ನು ಊರಿದರು. ಮೂರು ಅಡಿ ನೆಲದಲ್ಲಿ ಅದಕ್ಕೊಂದು ಪುಟ್ಟ ಕರಾವಳಿಯನ್ನೇ ಮಾಡಿಕೊಟ್ಟರು.

ಅವರಿಗೆ ವಯಸ್ಸಾಗಿ ಹಿತ್ತಲಿನ ಹೊಣೆ ನಮ್ಮ ಕೈಗೆ ಬಂದಿತು. 2017ರ ಫೆಬ್ರವರಿಯಲ್ಲಿ ನಾವು ನುಗ್ಗೆಯನ್ನು ಕಡಿಸಿ, ಉಳಿದವನ್ನು ಕಿತ್ತು, ಎಲೆಕೋಸು, ಹೂಕೋಸು, ಹುರುಳಿಕಾಯಿ, ಟೊಮ್ಯಾಟೊಗಳನ್ನು ಹಾಕಿದೆವು. ಬೀಜದ ಪೊಟ್ಟಣದ ಮೇಲಿನ ಚಿತ್ರಗಳು ನಮ್ಮನ್ನು ಮರುಳುಗೊಳಿಸಿದ್ದವು. ಬಸಳೆಯನ್ನು ಮಾತ್ರ ತಾಯಿಯವರು ಮುಟ್ಟಗೊಡಲಿಲ್ಲ.

ಏಪ್ರಿಲ್ ಬರುವ ಹೊತ್ತಿಗೆ ನಮ್ಮ ಪಾಂಡಿತ್ಯ ಬಯಲಾಯಿತು. ಕೋಸು ಗಡ್ಡೆ ಕಟ್ಟಲು ತಂಪು ಹವೆ ಬೇಕು. ನಮ್ಮಲ್ಲಿ ಅದು ಬರಿಯ ಎಲೆಯನ್ನೇ ಹರಡಿ ನಿಂತಿತು. ಇರುಳಿನ ಸೆಕೆ ಇಳಿಯದಿದ್ದರೆ ಟೊಮ್ಯಾಟೊ ಹೂ ಕಾಯಿ ಕಚ್ಚುವುದಿಲ್ಲ, ಹೂಗಳೆಲ್ಲ ಉದುರಿದವು. ಮಲೆನಾಡಿನ ಸೊಸೆಯನ್ನು ತಂದು ಬಿಸಿಲಿನಲ್ಲಿ ನಿಲ್ಲಿಸಿದಿರಿ ಎಂದು ತಾಯಿಯವರು ನಕ್ಕರು. ನಾವು ನೀರು ಕಡಿಮೆಯಾಯಿತೆಂದು ತಿಳಿದು ಇನ್ನಷ್ಟು ಹಾಯಿಸಿದೆವು.

ಆ ವರ್ಷದ ಬರವನ್ನು ನಮ್ಮ ತಾಲ್ಲೂಕಿನವರು ಮರೆಯಲಾರರು. ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರದಲ್ಲಿ ನೀರು ತಳಕ್ಕಿಳಿದಿತ್ತು. ತೆಂಗಿನ ತೋಟಗಳು ನಿಂತಲ್ಲಿಯೇ ಒಣಗಿದವು. ನಮ್ಮ ಕೊಳವೆಬಾವಿಯೂ ಬತ್ತಿತು. ಟ್ಯಾಂಕರಿನ ನೀರನ್ನು ಕೊಡದಲ್ಲಿ ಅಳೆದು ಬಳಸತೊಡಗಿದೆವು. ಆಗಲೂ ನಾಲ್ಕು ಕೊಡ ನೀರು ಆ ಕೋಸಿಗೆ ಹೋಗುತ್ತಿತ್ತೆಂಬುದನ್ನು ಇಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಒಂದು ಮುಂಜಾನೆ ಬಚ್ಚಲ ಹಿಂದೆ ಹೋದಾಗ ತಾಯಿಯವರು ಬಸಳೆಯ ಬುಡಕ್ಕೆ ಚೊಂಬಿನಿಂದ ನೀರು ಹನಿಸುತ್ತಿದ್ದುದನ್ನು ಕಂಡೆವು. ವಿಚಾರಿಸಿದಾಗ ತಿಳಿಯಿತು: ತಮ್ಮ ಸ್ನಾನಕ್ಕೆಂದು ಇಟ್ಟ ನೀರಿನಲ್ಲಿ ಅರ್ಧವನ್ನು ಅವರು ತಿಂಗಳಿನಿಂದಲೂ ಉಳಿಸುತ್ತಿದ್ದರು. ನಿಮ್ಮ ಗಿಡಗಳಿಗೆ ಟ್ಯಾಂಕರಿದೆ, ಇದಕ್ಕೆ ನಾನಲ್ಲದೆ ಯಾರಿದ್ದಾರೆ ಎಂದರು. ಅಂದು ಮಧ್ಯಾಹ್ನದ ಊಟಕ್ಕೆ ಆ ಬಸಳೆಯ ಸಾರೇ ಇತ್ತು. ತುತ್ತು ಸುಲಭವಾಗಿ ಗಂಟಲಿಳಿಯಲಿಲ್ಲ. ಸಂಜೆಗೆ ಕೋಸನ್ನೆಲ್ಲ ಕಿತ್ತು ನೆರೆಮನೆಯ ಹಸುವಿಗೆ ಹಾಕಿದೆವು.

ಮುಂಗಾರಿನಲ್ಲಿ ತಾಯಿಯವರು ಕುರ್ಚಿಯ ಮೇಲೆ ಕುಳಿತು ಹೇಳಿದಂತೆ ನಾವು ಹಿತ್ತಲನ್ನು ಮತ್ತೆ ಕಟ್ಟಿದೆವು. ಅಂದು ಕಲಿತುದನ್ನು ವಾಚಕ ಬಂಧುಗಳ ಉಪಯೋಗಕ್ಕಾಗಿ ಹೇಳುತ್ತೇವೆ. ಹರಿವೆ ಬಿಸಿಲಿನಲ್ಲಿ ಕಡಿಮೆ ನೀರಿನಿಂದಲೇ ಬೆಳೆಯಬಲ್ಲ ಜಾತಿ. ಬಿತ್ತಿದ 25-30 ದಿನಗಳಿಗೆ ಕೊಯ್ಲಿಗೆ ಬರುತ್ತದೆ. ಗೋರಿಕಾಯಿ, ಅಲಸಂದೆಗಳು ಬೇರಿನ ಗಂಟುಗಳ ಮೂಲಕ ಗಾಳಿಯ ಸಾರಜನಕವನ್ನು ಹಿಡಿದುಕೊಳ್ಳುವುದರಿಂದ ಹೆಚ್ಚು ಗೊಬ್ಬರ ಬೇಡುವುದಿಲ್ಲ. ನುಗ್ಗೆಗೆ ಒಂದು ಕೊಂಬೆಯನ್ನು ನೆಟ್ಟರೂ ಸಾಕು. ಬೆಂಡೆಯನ್ನು ಸಾಲಿನಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಒಂದು ಅಡಿ ಬಿಟ್ಟು ಹಾಕಬೇಕು. ಹೆಸರಘಟ್ಟದ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ತಳಿ ಹಳದಿ ನರದ ರೋಗವನ್ನು ತಡೆಯಲೆಂದೇ ಬೆಳೆಸಿದ್ದು. ಬುಡಕ್ಕೆ ಶೇಂಗಾ ಹೊಟ್ಟನ್ನೋ ತೆಂಗಿನ ಸಿಪ್ಪೆಯನ್ನೋ ಹೊದಿಸಿದರೆ ತೇವ ಬೇಗನೆ ಆರುವುದಿಲ್ಲ. ನೀರನ್ನು ಸಂಜೆಯೇ ಹಾಕಬೇಕು. ಹೇನು ಕಂಡರೆ ಬೂದಿ ಎರಚಬೇಕು. ಅದಕ್ಕೂ ಬಗ್ಗದಿದ್ದರೆ ಲೀಟರಿಗೆ 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ, ರಾತ್ರಿಯಿಡೀ ನೆನೆಸಿ, ಸೋಸಿ ಸಿಂಪಡಿಸಬೇಕು. ಬಚ್ಚಲ ನೀರನ್ನು ಬುಡಕ್ಕೆ ಮಾತ್ರ ಬಿಡಬೇಕು. ಬಟ್ಟೆ ಒಗೆದ ಪುಡಿಯ ನೀರು ಸೇರಬಾರದು. ಹೆಚ್ಚಿನ ಮಾಹಿತಿ ಬೇಕಾದವರು ಬಬ್ಬೂರು ಫಾರಂನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಬಹುದು.

2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಹರಿಯಿತು. ಊರಿಗೆ ಊರೇ ನೋಡಲು ಹೋಯಿತು. ಆ ಭಾಗ್ಯವನ್ನು ಕಾಣಲು ತಾಯಿಯವರು ಉಳಿದಿರಲಿಲ್ಲ. ಕೋಡಿಯ ನೀರನ್ನು ಕಣ್ತುಂಬ ನೋಡಿ ಮನೆಗೆ ಮರಳಿದ ನಾವು, ಅಂದು ಸಂಜೆಯೂ ಬಚ್ಚಲ ನೀರನ್ನೇ ಬಸಳೆಗೆ ತಿರುಗಿಸಿದೆವು. ತುಂಬಿದ ಕೆರೆ ಮತ್ತೆ ಬತ್ತಬಹುದು. ಕಲಿತ ಮಿತವ್ಯಯ ಬತ್ತಬಾರದು.

ಆ ಬಳ್ಳಿ ಇಂದಿಗೂ ಇದೆ. ಮನೆಗೆ ಬಂದವರಿಗೆ ಎಲೆಯ ಜೊತೆಗೆ ಗೇಣುದ್ದದ ಕಡ್ಡಿಯೊಂದನ್ನೂ ಕೊಟ್ಟು ಕಳುಹಿಸುತ್ತೇವೆ. ಎಲೆ ಒಂದು ಹೊತ್ತಿನ ದಾಸೋಹ. ಕಡ್ಡಿ ಅವರ ಮನೆಯ ಹಲವು ಹೊತ್ತಿನದು.